ಗೋವರ್ಧನನ ಹಿಮ್ಮಡಿ

"ಸದ್ದು ಯಾರದು ಅಂತ ಮಷೀನೇ ಹೇಳ್ಲಿ! ಗಂಡಸಿನ ಹೆಜ್ಜೆ ಅಂದ್ರೆ ಏನು, ಹೆಂಗಸಿನ ಹೆಜ್ಜೆ ಅಂದ್ರೆ ಏನು ಅಂತ ನಾಳೆ ತೋರಿಸ್ತೀನಿ!" ಎಂದು ಗೋವರ್ಧನ ಹೆಂಡತಿ ಗಂಗಾಳ ಮುಂದೆ ಎದೆ ತಟ್ಟಿಕೊಂಡ.

ಪಾಪ, ಅವನ ಸಂಕಟ ಅವನಿಗೆ. ಚಿತ್ರದುರ್ಗಕ್ಕೆ ಬಂದ ಮೂರು ವರ್ಷದಲ್ಲಿ ಇದು ನಾಲ್ಕನೇ ಬಾಡಿಗೆ ಮನೆ. ಬೀರು, ಮಂಚ, ಗ್ಯಾಸ್ ಸಿಲಿಂಡರ್ ಹೊತ್ತು ಹೊತ್ತು ಸೊಂಟ ಸೋತಿತ್ತು. ಈಗ ನೋಡಿದರೆ, ಕೆಳಗಿನ ಮನೆಯ ಓನರ್ ಶಿವಗಂಗಮ್ಮ ಬೆಳಿಗ್ಗೆಯೇ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ್ದರು: "ಏನಪ್ಪ, ಮ್ಯಾಲೆ ಸಂಸಾರ ಮಾಡ್ತೀರೋ, ರಾಗಿ ಕುಟ್ತೀರೋ? ದಬದಬ ಅಂತ ನನ್ನ ತಲೆ ಮ್ಯಾಲೇ ನಡೆದಂಗಾಗ್ತೈತೆ. ಯಾರು ಅಂತ ತಿಳ್ಕಂಡು ತಿದ್ಕಳ್ರಿ. ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡ್ರಿ!"

ಐದನೇ ಸಲ ಬೀರು ಹೊರುವ ತ್ರಾಣ ಗೋವರ್ಧನನಲ್ಲಿ ಉಳಿದಿರಲಿಲ್ಲ.

"ಸದ್ದು ನಿಂದೇ ಕಣೇ."

"ನಿಮ್ದೇ ಕಣ್ರಿ!"

ಅದು ೨೦೦೬. ಅವನು ಗುಮಾಸ್ತನಾಗಿದ್ದ ಫಿಜಿಯೋಥೆರಪಿ ಕಾಲೇಜಿಗೆ ಬೃಂದಾ ಎಂಬ ಸಂಶೋಧಕಿ ಬಂದಿದ್ದಳು. ಬೂಟಿನೊಳಗೆ ತೆಳ್ಳನೆಯ ಸೆನ್ಸರ್ ಹಾಳೆ ಇಟ್ಟು, ನಡೆಯುವಾಗ ಗಂಡಸರ ಪಾದ ಎಲ್ಲೆಲ್ಲಿ ಎಷ್ಟು ಒತ್ತುತ್ತದೆ, ಹೆಂಗಸರದು ಎಷ್ಟು ಎಂದು ಅಳೆಯುವುದು ಅವಳ ಕೆಲಸ. ಅರವತ್ತು ಜನ ಬೇಕಿತ್ತು. ಗೋವರ್ಧನ ತನ್ನ ಹೆಸರನ್ನೂ ಹೆಂಡತಿಯ ಹೆಸರನ್ನೂ ಎಲ್ಲರಿಗಿಂತ ಮೊದಲು ಬರೆಸಿಬಿಟ್ಟ.

ಮರುದಿನ ಗಂಗಾ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು, ಸೊಂಟಕ್ಕೆ ವೈರಿನ ಡಬ್ಬಿ ಕಟ್ಟಿಕೊಂಡು, ನಾಚುತ್ತಲೇ ಕಾರಿಡಾರಿನಲ್ಲಿ ನಡೆದಳು. ಒತ್ತಡ ಕಮ್ಮಿಯಾದರೆ ನೀಲಿ, ಹೆಚ್ಚಾದರೆ ಕೆಂಪು; ಕಂಪ್ಯೂಟರಿನಲ್ಲಿ ಅವಳ ಪಾದ ತಣ್ಣಗೆ ನೀಲಿಯಾಗಿ ಮೂಡಿತು.

ಮುಂದಿನ ಸರದಿ ಗೋವರ್ಧನನದು. ಅವನು ಉಸಿರು ಬಿಗಿಹಿಡಿದು, ನೆಲಕ್ಕೆ ನೋವಾದೀತೇನೋ ಎಂಬಂತೆ ಕಾಲಿಟ್ಟ.

"ಸಾರ್, ಸಹಜವಾಗಿ ನಡೀರಿ. ಇನ್ನೊಂದ್ಸಲ."

ಇನ್ನೊಂದು ಸಲ ಅದೇ ನಾಜೂಕು. "ಇನ್ನೊಂದ್ಸಲ ಸಾರ್." ಹತ್ತನೇ ಸುತ್ತಿಗೆ ಬೆವರಿಳಿಯಿತು. ಹನ್ನೊಂದನೆಯದಕ್ಕೆ ಸುಸ್ತಾಗಿ ಮಷೀನು, ಮರ್ಯಾದೆ ಎರಡೂ ಮರೆತು ನಡೆದ. ಪರದೆಯ ಮೇಲೆ ಅವನ ಹಿಮ್ಮಡಿ ನಿಗಿನಿಗಿ ಕೆಂಡವಾಯಿತು!

"ನನ್ನ ತೂಕ ಜಾಸ್ತಿ, ಅದ್ಕೇ ಇರಬೇಕು ಮೇಡಂ."

"ತೂಕದಿಂದ ಭಾಗಿಸಿ ನೋಡ್ದೆ ಸಾರ್. ಆದ್ರೂ ಕೆಂಪೇ."

"ಹಂಗಾರೆ ಗಂಡಸ್ರದೆಲ್ಲ ಹಿಂಗೇ ಅಂತಾಯ್ತು, ಅಲ್ವಾ?" ಎಂದು ಅಂಗಲಾಚಿದ.

"ಗಂಡಸ್ರ ಬಗ್ಗೆ ಹೇಳೋಕೆ ಇನ್ನೂ ಐವತ್ತೆಂಟು ಜನ ನಡೀಬೇಕು. ಇದು ನಿಮ್ಮೊಬ್ಬರ ಬಗ್ಗೆ ಮಾತ್ರ."

ಫಲಿತಾಂಶದ ಹಾಳೆಯನ್ನು ಗೋವರ್ಧನ ನಾಲ್ಕಾಗಿ ಮಡಿಚಿ ಜೇಬಿಗೆ ತುರುಕಿದ. ಸಂಜೆ ಗಂಗಾ ಅದನ್ನು ತೆಗೆದು ನೇರ ಶಿವಗಂಗಮ್ಮನ ಕೈಗಿಟ್ಟಳು. ಅವರು ಕನ್ನಡಕ ಏರಿಸಿ, ಕೆಂಪು ಹಿಮ್ಮಡಿಯನ್ನು ದಿಟ್ಟಿಸಿ, ತೀರ್ಪು ಕೊಟ್ಟರು: "ಗಂಗಾ, ನೀನು ಆರಾಮಾಗಿರವ್ವ. ನೀನಪ್ಪ, ಚಪ್ಪಲಿ ಬಿಚ್ಚಿ ಕೈಯಾಗೆ ಹಿಡ್ಕಂಡು, ತುದಿಗಾಲಾಗೆ ಮೆಟ್ಲು ಹತ್ತು. ಮ್ಯಾಲೂ ಹಂಗೇ ನಡಿ."

ಬೀರು ಹೊರುವುದಕ್ಕಿಂತ ಇದೇ ವಾಸಿ ಎಂದು ಅವನು ಎಂಟು ದಿನ ಹಾಗೇ ಹತ್ತಿದ. ಮೀನಖಂಡಗಳು ಕಲ್ಲಾದವು. ಒಂಬತ್ತನೇ ದಿನ ಸಂಜೆ ಏಳಕ್ಕೆ ಕರೆಂಟು ಹೋಗಿತ್ತು. ಮಬ್ಬುಗತ್ತಲಲ್ಲಿ ಯಾರೋ ಕೈಯಲ್ಲಿ ಚಪ್ಪಲಿ ಹಿಡಿದು ಕಳ್ಳಹೆಜ್ಜೆ ಇಡುವುದು ಪಕ್ಕದ ಮನೆಯ ಕಾಟಲಿಂಗಪ್ಪನ ಕಣ್ಣಿಗೆ ಬಿತ್ತು.

"ಕಳ್ಳ! ಕಳ್ಳ!"

ಮರುಕ್ಷಣ ಗೋವರ್ಧನನ ಕೊರಳಪಟ್ಟಿ ಕಾಟಲಿಂಗಪ್ಪನ ಮುಷ್ಟಿಯಲ್ಲಿತ್ತು. ಬೀದಿಯೇ ಸೇರಿತು.

"ನಾನ್ರೀ, ಗೋವರ್ಧನ!" ಕೊರಳಪಟ್ಟಿಯ ಹಿಡಿತಕ್ಕೆ ಸ್ವರವೇ ಬದಲಾಗಿತ್ತು.

"ಮನೆಯೋರ ಹೆಸರು ತಿಳ್ಕಂಡೇ ಬಂದವ್ನೆ ನೋಡ್ರಲೇ! ಗಂಗವ್ವ, ಇವ್ನು ನಿನ್ನ ಗಂಡನೇನವ್ವ?"

ಮೇಲಿನ ಬಾಗಿಲಲ್ಲಿ ಗಂಗಾ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡಳು. "ಈ ಕತ್ತಲಾಗೆ ಮಕ ಎಲ್ಲಿ ಕಾಣ್ತೈತಣ್ಣ? ನಾಕು ಹೆಜ್ಜೆ ನಡೆಸ್ರಿ, ಹೇಳ್ತೀನಿ."

ಗೋವರ್ಧನನಿಗೆ ಸಿಟ್ಟು ಮಾಡಿಕೊಳ್ಳಲೂ ಶಕ್ತಿ ಇರಲಿಲ್ಲ. ಚಪ್ಪಲಿ ಕೆಳಗೆ ಹಾಕಿದ. ತನ್ನ ಹಿಮ್ಮಡಿಯನ್ನು ಅದರ ಪಾಡಿಗೆ ಬಿಟ್ಟು ಮೆಟ್ಟಿಲು ಹತ್ತತೊಡಗಿದ. ದಬ್. ದಬ್.

ಮೂರನೆಯದು ಬೀಳುವ ಮೊದಲೇ ಮುಚ್ಚಿದ ಬಾಗಿಲ ಹಿಂದಿನಿಂದ ಶಿವಗಂಗಮ್ಮ ಕೂಗಿದರು:

"ಬಿಡ್ರಪ್ಪ ಅವನ್ನ! ನಮ್ಮ ಬಾಡಿಗೆಯವನೇ!"