ಸಾರಾಂಶ ಹೇಳಿ ಮಾರಾಯ್ರೇ!

ನಮ್ಮ ಭಾವನಷ್ಟು ಜಿಪುಣರು ಕೊಪ್ಪದಿಂದ ಶೃಂಗೇರಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ! ಹಾಗಂತ ಊಟಕ್ಕೆ ಕೂತವರಿಗೆ ತುಪ್ಪ ಬಡಿಸುವಾಗ ಅವರ ಕೈ ನಿಲ್ಲುವುದೇ ಇಲ್ಲ. ಅವರ ಜಿಪುಣತನವೆಲ್ಲ ಒಂದೇ ವಸ್ತುವಿನ ಮೇಲೆ: ನನ್ನ ಟ್ಯಾಬಿನ ಚಾರ್ಜು.

ಕೆಟ್ಟ ಜ್ವರವೊಂದು ಬಂದು ಹೋಗುವಾಗ ನನ್ನ ಎರಡು ಕಿವಿಗಳನ್ನೂ ಜೊತೆಗೇ ಒಯ್ದಿತು. ಈಗ ಎದುರಿನವರು ಆಡಿದ್ದನ್ನು ಟ್ಯಾಬ್ ಅಕ್ಷರ ಮಾಡಿ ತೋರಿಸುತ್ತದೆ, ನಾನು ಓದಿ ಬಾಯಲ್ಲೇ ಉತ್ತರ ಕೊಡುತ್ತೇನೆ. ಚಾರ್ಜು ಮುಗಿಯಿತೋ, ನಾನು ಗೊಂಬೆ! ಬಾಳಗಡಿಯ ಮನೆಯಲ್ಲಿ ನಾನು, ಮಗಳು ಮತ್ತು ಈ ಭಾವ, ಮೂರೇ ಜನ. ಭಾವ ಎಂದರೆ ತೀರಿಹೋದ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ‘ಕೊಪ್ಪ, ಎರಡು’ ಎನ್ನುವುದಕ್ಕಿಂತ ಉದ್ದದ ಮಾತು ಮನುಷ್ಯರಿಗೆ ಯಾಕೆ ಬೇಕೆಂದು ಅವರಿಗೆ ಇವತ್ತಿಗೂ ಅರ್ಥವಾಗಿಲ್ಲ.

ಬ್ಯಾಟರಿ ಬಿಸಿ ಆಗಬಾರದು ಎಂದು ಯಾರೋ ಅವರ ತಲೆಗೆ ತುಂಬಿದ್ದಾರೆ. ಶೃಂಗೇರಿಯಲ್ಲಿ ಬಸ್ಸಿಗೆ ಕಾಯುವಾಗ ಟ್ಯಾಬಿಗೆ ಕೊಡೆ ಹಿಡಿದು ತಾವು ಬಿಸಿಲಲ್ಲಿ ನಿಂತಿದ್ದರು. ಕೊಡೆಯ ಕೆಳಗೆ ಮಗು ಇದೆಯೆಂದು ಪಾಪ, ಒಬ್ಬ ಹೆಂಗಸು ಬಗ್ಗಿ ನೋಡಿದಳು! ಪವರ್ ಬ್ಯಾಂಕ್ ತರೋಣವೇ ಎಂದರೆ, "ಅದೂ ಬಿಸಿ ಆಗ್ತದೆ ಮಾರಾಯ್ತಿ, ಇಬ್ಬರಿಗೂ ಕೊಡೆ ಹಿಡಿಲಿಕ್ಕೆ ನಂಗೆಷ್ಟು ಕೈ ಉಂಟು?" ಎಂದರು.

ತೆರೆಯ ಬೆಳಕನ್ನಂತೂ ಎಷ್ಟು ತಗ್ಗಿಸುತ್ತಾರೆಂದರೆ, ಓದಬೇಕಾದರೆ ನಾನು ಸೆರಗನ್ನು ತಲೆ ತುಂಬ ಎಳೆದುಕೊಳ್ಳಬೇಕು. ಒಮ್ಮೆ ಜಗಲಿಯಲ್ಲಿ ಹಾಗೆ ಮುಸುಕು ಹಾಕಿ ಕೂತಿದ್ದೆ. ಪಕ್ಕದ ಮನೆಯಾಕೆ ಓಡಿ ಬಂದು, "ಅಯ್ಯೋ, ಯಾರು ಹೋದ್ರು?" ಎಂದು ಅಳಲಿಕ್ಕೇ ಶುರುಮಾಡಿದರು. ನಾನು ಮುಸುಕಿನೊಳಗೆ ಓದುತ್ತಿದ್ದದ್ದು ಮಗಳು ಆಗಷ್ಟೇ ಹೇಳಿದ ನಗೆಹನಿ!

ಇದಕ್ಕಿಂತ ದೊಡ್ಡ ಕಷ್ಟ ನನ್ನೊಡನೆ ಮಾತಾಡಲು ಬಂದವರದ್ದು. ಅವರು ಬಾಯಿ ತೆರೆಯುವ ಮೊದಲೇ ಭಾವ ಕೈ ಎತ್ತುತ್ತಾರೆ: "ಸಾರಾಂಶ ಹೇಳಿ ಮಾರಾಯ್ರೇ!" ಕೊಪ್ಪದ ಬಟ್ಟೆ ಅಂಗಡಿಯ ಸಾಹೇಬರು ಸೀರೆ ಬಿಡಿಸಿ, "ಅಕ್ಕಾ, ಇದರ ಅಂಚು ನೋಡಿ, ಇದರ ಸೆರಗು ನೋಡಿ" ಎಂದು ವರ್ಣನೆ ಶುರುಮಾಡಿದರೆ ಇವರು, "ಬಣ್ಣ ಹೋಗ್ತದಾ, ಇಲ್ವಾ? ಅಷ್ಟೇ ಹೇಳಿ" ಎಂದುಬಿಟ್ಟರು. ಸಾಹೇಬರು ನಕ್ಕು, "ಹೋಗೋದಿಲ್ಲ" ಎಂದರು. ಟ್ಯಾಬ್ ಆಫ್! ಆ ಅಂಗಡಿಯಲ್ಲಿ ಅಷ್ಟು ಬೇಗ ಯಾರೂ ಸೀರೆ ಕೊಂಡಿರಲಿಕ್ಕಿಲ್ಲ.

ಆ ಸೀರೆ ಕೊಂಡದ್ದು ಮಗಳ ನಿಶ್ಚಿತಾರ್ಥಕ್ಕೆ. ಹುಡುಗನ ಮನೆ ನರಸಿಂಹರಾಜಪುರದಲ್ಲಿ. ಹುಡುಗ ಒಳ್ಳೆಯವನೇ. ಆದರೆ ನನಗೊಂದು ಕೊರಗಿತ್ತು. ಮಗಳು ಮನಸಾರೆ ಒಪ್ಪಿದ್ದಾಳೋ, ಅಮ್ಮನ ಚಿಂತೆ ಕಳೆಯಲಿ ಎಂದು ತಲೆಯಾಡಿಸಿದ್ದಾಳೋ? ಕೇಳಿದಾಗೆಲ್ಲ ‘ಆಯ್ತಮ್ಮ’ ಎಂಬ ಒಂದೇ ಅಕ್ಷರಸಾಲು. ಉಂಗುರ ತೊಡಿಸುವ ಮೊದಲು ಅವಳ ಬಾಯಿಂದಲೇ ನಿಜ ತಿಳಿಯಬೇಕು ಎಂದುಕೊಂಡಿದ್ದೆ.

ನಿಶ್ಚಿತಾರ್ಥ ಹುಡುಗನ ಮನೆಯಲ್ಲೇ. ಅಲ್ಲಿಗೆ ಹೋದರೆ ಕರೆಂಟಿಲ್ಲ! ಬೀಗರು ಯೋಗಕ್ಷೇಮ ವಿಚಾರಿಸಿದರೆ ಭಾವ ಟ್ಯಾಬ್ ಚೀಲದಿಂದ ತೆಗೆಯಲೇ ಇಲ್ಲ. ಪುರೋಹಿತರು ಬಾಯಿ ತೆರೆದರು, ತೆಗೆಯಲಿಲ್ಲ. ಮನೆತನಗಳ ಹಿರಿಮೆಯನ್ನು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರೋ ಏನೋ, ನಾನು ಸುಮ್ಮನೆ ಬಾಯಿಗಳನ್ನು ನೋಡುತ್ತ ಕೂತಿದ್ದೆ. ನನಗೆ ಸಿಟ್ಟು ನೆತ್ತಿಗೇರಿತು. "ಮಗಳ ನಿಶ್ಚಯದ ದಿನವೂ ನಾನು ಗೊಂಬೆಯ ಹಾಗೆ ಕೂರಬೇಕಾ ಭಾವ?" ಎಂದೆ. ಎಷ್ಟು ಜೋರಾಗಿ ಎಂದೆನೋ, ಎಲ್ಲರೂ ತಿರುಗಿದರು.

ಭಾವ ಎದ್ದು ನನ್ನನ್ನೂ ಮಗಳನ್ನೂ ಒಳಕೋಣೆಗೆ ಕರೆದೊಯ್ದು, ಟ್ಯಾಬ್ ನನ್ನ ಮಡಿಲಲ್ಲಿಟ್ಟು, ಬೆಳಕನ್ನು ತುದಿಯವರೆಗೆ ಏರಿಸಿದರು. ಮುಕ್ಕಾಲು ಪಾಲು ಚಾರ್ಜಿತ್ತು! ಆಮೇಲೆ ಬಾಗಿಲು ಓರೆ ಮಾಡಿ ಹೊರಗೆ ಹೋದರು.

"ಈಗಾದರೂ ಹೇಳು. ನಿನಗೆ ಮನಸ್ಸುಂಟಾ?" ಎಂದೆ.

ಮಗಳು ಟ್ಯಾಬಿನ ಹತ್ತಿರ ಬಗ್ಗಿದಳು. ಅಕ್ಷರಗಳು ಮೂಡತೊಡಗಿದವು. "ಹುಡುಗ ಇಷ್ಟ ಆಗಿದಾನೆ ಅಮ್ಮಾ. ನಿನ್ನನ್ನ ಬಿಟ್ಟು ಹೋಗೋದು ಹೆಂಗೆ ಅಂತ ಹೆದರಿಕೆ ಇತ್ತು. ನಿನ್ನ ಹತ್ರ ಹೇಳಿದ್ರೆ ಅಳು ಬರ್ತಿತ್ತು. ಬೆಳಗ್ಗೆ ದೊಡ್ಡಪ್ಪನ ಹತ್ರ ಹೇಳ್ದೆ. ‘ನಿನ್ನಮ್ಮ ಯಾರ ಮಧ್ಯವೂ ಒಂಟಿ ಆಗದ ಹಾಗೆ ನಾನು ನೋಡ್ಕೊಳ್ತೇನೆ, ನೀನು ಖುಷಿಯಲ್ಲಿ ಹೋಗು ಕೂಸೇ’ ಅಂದ್ರು. ಈಗ ಹೆದರಿಕೆ ಇಲ್ಲಮ್ಮ."

ಅವಳು ಇನ್ನೂ ಹೇಳುತ್ತಲೇ ಇದ್ದಳು, ಹುಡುಗನ ಬಗ್ಗೆ, ತನ್ನ ಆಸೆಗಳ ಬಗ್ಗೆ. ನಾನು ಒಂದಕ್ಷರ ಬಿಡದೆ ಓದಿದೆ. ಈ ಮನುಷ್ಯನ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ? ಕಣ್ಣೊರೆಸಿಕೊಂಡು ಬಾಗಿಲ ಸಂದಿಯಿಂದ ನೋಡಿದೆ. ಮುಹೂರ್ತ ಮೀರುತ್ತದೆಂದು ಪುರೋಹಿತರು, ಬೀಗರು, ಹುಡುಗ ಎಲ್ಲರೂ ಹೊರಗೆ ಗುಂಪಾಗಿದ್ದರು. ಭಾವ ಹೊಸ್ತಿಲಿಗೆ ಅಡ್ಡ ನಿಂತು, ಎರಡೂ ಕೈ ಅಗಲಿಸಿ, ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ.