ಬಿಚ್ಚದೆ ಒಯ್ದ ಮಾತು

ನಮ್ಮ ಸೋದರಮಾವನ ಕೈಯಲ್ಲಿ ಏನು ಬೇಕಾದರೂ ಕಳಿಸಿ, ಚಿನ್ನವನ್ನೇ ಕಳಿಸಿ, ಭದ್ರವಾಗಿ ಮುಟ್ಟುತ್ತದೆ. ಮಾತನ್ನು ಮಾತ್ರ ಕಳಿಸಬೇಡಿ! ನಿಮ್ಮ ಪ್ರಶ್ನೆ ಆ ಕಡೆಯವರಿಗೆ ಮುಟ್ಟುವ ಮೊದಲೇ ಅವರ ಪರವಾಗಿ ಇವನೇ ಉತ್ತರ ಕೊಟ್ಟಿರುತ್ತಾನೆ. ಹೋಟೆಲಿನ ಮಾಣಿ ಪಕ್ಕದ ಮೇಜಿನವರನ್ನು ಏನು ಬೇಕೆಂದು ಕೇಳಿದರೆ "ಒಗ್ಗರಣಿ, ಮಿರ್ಚಿ" ಎನ್ನುವವನೂ ಇವನೇ. ಅವರು ತಿಂದು ಚೆನ್ನಾಗಿದೆ ಅನ್ನುತ್ತಾರೆ, ಆ ಮಾತು ಬೇರೆ!

ಈ ಚಾಳಿ ನನ್ನ ತಂಗಿಯ ಕುಬಸಕ್ಕೆ ಅಡ್ಡ ಬಂತು. ಬಸುರಿಗೆ ಹಸಿರು ಸೀರೆ ಉಡಿಸುವ ಆ ಶಾಸ್ತ್ರಕ್ಕೆ ನಮ್ಮಲ್ಲಿ ಫೋನಿನ ಕರೆ ಕರೆಯೇ ಅಲ್ಲ. ತವರಿನ ಗಂಡಸು ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಮಾಧವರಂನಲ್ಲಿರುವ ತನ್ನ ಅಕ್ಕನನ್ನು, ನಮ್ಮ ದೊಡ್ಡಮ್ಮನನ್ನು, ಕರೆಯಲು ಅಮ್ಮ ತಮ್ಮನಾದ ಈ ಮಾವನನ್ನೇ ಕಳಿಸಿದಳು. ಇವನು ಅರ್ಧ ದಾರಿ ಹೋಗಿ, ಅಕ್ಕನಿಗೆ ಮೊಣಕಾಲು ನೋವು, ಎಲ್ಲಿ ಬರುತ್ತಾಳೆ ಎಂದು ತಾನೇ ತೀರ್ಮಾನಿಸಿ, ಕುಂಕುಮದ ಬಟ್ಟಲಿನೊಂದಿಗೆ ತಿರುಗಿ ಬಂದು "ಬರಲ್ಲಂತ" ಎಂದುಬಿಟ್ಟ. ಅಲ್ಲಿ ದೊಡ್ಡಮ್ಮ ಹಸಿರು ಸೀರೆ ಕೊಂಡು ಕಾಯುತ್ತಿದ್ದಳು! ಕರೆಯಲಿಲ್ಲವೆಂದು ಅವಳು, ಬರಲಿಲ್ಲವೆಂದು ಇವಳು. ಅಕ್ಕತಂಗಿಯರ ಮಾತೇ ನಿಂತಿತು. ನಿಜ ತಿಳಿದ ಮೇಲೂ ಇಬ್ಬರದೂ ಒಂದೇ ಹಟ: ಆಕಿನ ಮೊದ್ಲ ಮಾತಾಡ್ಲಿ. ಈಗ ತಂಗಿಯ ಕೂಸಿನ ತೊಟ್ಟಿಲ ಶಾಸ್ತ್ರ ಬಂತು. ದೊಡ್ಡಮ್ಮನಿಲ್ಲದೆ ತೊಟ್ಟಿಲು ತೂಗುವುದು ಹೇಗೆ?

ಮಾವ ಆದೋನಿಯಲ್ಲಿ ಇಂಟರ್ನೆಟ್ ಜಾಲ ನಡೆಸುತ್ತಾನೆ. ಅದೇ ದಿನಗಳಲ್ಲಿ ಒಬ್ಬ ಹತ್ತಿ ವ್ಯಾಪಾರಿ ಇಲ್ಲಿಯ ತನ್ನ ಅಂಗಡಿಗೂ ಹಾಲಹರವಿಯ ಜಿನ್ನಿಂಗ್ ಮಿಲ್ಲಿಗೂ ಇವನ ತಂತಿಯಿಂದ ನಂಟು ಹಾಕಿಸಿದ್ದ. ಎರಡೂ ಕಡೆ ವ್ಯಾಪಾರಿಯದೇ ಸ್ವಿಚ್ಚುಗಳು. ದೀಪದ ಸ್ವಿಚ್ಚಲ್ಲ ಮತ್ತೆ, ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಗಳು! ಅವು "ನಾನಿದ್ದೇನೆ, ನೀನಿದ್ದೀಯಾ?" ಎಂದು ಒಂದಕ್ಕೊಂದು ಪ್ಯಾಕೆಟ್, ಅಂದರೆ ವಿಳಾಸ ಹಚ್ಚಿದ ಸಂದೇಶದ ಪೊಟ್ಟಣ, ಕಳಿಸಿಕೊಳ್ಳಬೇಕು. ಒಂದಾದರೂ ಮುಟ್ಟಬೇಕಲ್ಲ? ನಡುವೆ ಕೂತ ಮಾವನ ಸ್ವಿಚ್ಚು ತನಗೇ ಬಂದವೆಂದು ನುಂಗಿ, ತಾನೇ ಉತ್ತರ ಕೊಡುತ್ತಿತ್ತು.

"ಇದ್ಯಾಕ ಹಿಂಗ ಮಾಡ್ತೈತಿ?" ಎಂದು ನನ್ನೊಂದಿಗೆ ವ್ಯಾಪಾರಿಯ ಅಂಗಡಿಯಲ್ಲಿ ಕೂತು ಮಾವ ತಲೆ ಕೆರೆದುಕೊಂಡ.

ಬುತ್ತಿ ತಂದಿದ್ದ ಅತ್ತೆ ಅಂದಳು, "ನಿಮ್ಮ ಕೈಯಾಗ ಬೆಳದೈತಲ್ರೀ."

ಇದಕ್ಕೆ ಟನೆಲಿಂಗ್ ಎಂಬ ಮದ್ದುಂಟು. ಮಾವನ ಜಾಲದ ಆದೋನಿಯ ತುದಿಯಲ್ಲಿ ಪ್ಯಾಕೆಟ್ಟಿಗೆ ಬೇರೊಂದು ವಿಳಾಸ ಹಚ್ಚಿ ಬಿಡಬೇಕು; ನಡುವಿನ ಸ್ವಿಚ್ಚುಗಳು ಗುರುತು ಹಿಡಿಯದೆ ಸುಮ್ಮನೆ ದಾಟಿಸುತ್ತವೆ; ಹಾಲಹರವಿಯ ತುದಿಯಲ್ಲಿ ಮೊದಲಿನ ವಿಳಾಸವನ್ನು ತಿರುಗಿ ಹಚ್ಚಬೇಕು. ಮಾವ ಕೀಲಿಮಣೆ ಕುಟ್ಟಿದ್ದೇ ಕುಟ್ಟಿದ್ದು! ಉತ್ತರವಿಲ್ಲ. ಆದೋನಿಯ ತುದಿಗೆ ಆಜ್ಞೆ ಕೊಟ್ಟವನು ಹಾಲಹರವಿಯ ತುದಿಗೆ ಕೊಡುವುದನ್ನೇ ಮರೆತಿದ್ದ! ಕೂತಲ್ಲಿಂದಲೇ ಅದನ್ನೂ ಕೊಟ್ಟದ್ದೇ ತಡ, ಪರದೆಯ ಮೇಲೆ ಮಿಲ್ಲಿನ ಸ್ವಿಚ್ಚಿನ ಹೆಸರು ಮೂಡಿತು. ಮಾವ ಕುಣಿದ, ನಾನು ಕುಣಿದೆ, ಏನಾಯಿತೆಂದು ತಿಳಿಯದೆ ಅಂಗಡಿಯ ಗುಮಾಸ್ತನೂ ಕುಣಿದ!

ಆಮೇಲೆ ಮಾವ ಪರದೆಯನ್ನೇ ನೋಡುತ್ತ ಮೆತ್ತಗಾದ. "ನಡುವಿನವ ಸುಮ್ಮನಿದ್ರ ಸಾಕಿತ್ತಲ್ಲೋ."

ನೇರ ಅಮ್ಮನ ಹತ್ತಿರ ಹೋದ. "ಅಕ್ಕಾ, ಒಂದು ಮಾತು ಕೊಡು. ಬಿಚ್ಚದಂಗ ಒಯ್ತೀನಿ."

ಅಮ್ಮ ಕುಂಕುಮದ ಬಟ್ಟಲು ಕೈಗಿಟ್ಟಳು. "ಅಕ್ಕಾ, ನೀ ಇಲ್ಲದ ತೊಟ್ಟಿಲು..." ಎಂದಳು. ಮಾತು ಮುಗಿಸದೆ ಅಲ್ಲಿಗೇ ನಿಂತಳು.

ಮಾಧವರಂವರೆಗೆ ಮಾವ ತುಟಿ ಬಿಚ್ಚಲಿಲ್ಲ. ಕಾರು ನಡೆಸುತ್ತಿದ್ದ ನನಗೇ ಗಾಬರಿಯಾಯಿತು! ದೊಡ್ಡಮ್ಮನ ಮುಂದೆ ಬಟ್ಟಲು ಹಿಡಿದು, "ಅಕ್ಕಾ, ನೀ ಇಲ್ಲದ ತೊಟ್ಟಿಲು..." ಎಂದು, ಅಮ್ಮ ನಿಂತಲ್ಲೇ ತಾನೂ ನಿಂತ.

"ಮುಂದ?"

"ಆಕಿ ಅಷ್ಟ ಅಂದಾಳ."

ದೊಡ್ಡಮ್ಮ ಅವನ ಮುಖವನ್ನೇ ನೋಡಿದಳು. ಹಣೆಗೆ ಕುಂಕುಮ ಹಚ್ಚಿಕೊಂಡು ಒಳಗೆ ಹೋದಳು.

ನಾವು ತಿರುಗಿ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. "ಏನಂದಳೋ?"

ಮಾವ ಕಾರಿನ ಹಿಂದಿನ ಬಾಗಿಲು ತೆರೆದ. ಕುಬಸಕ್ಕೆಂದು ಕೊಂಡಿದ್ದ ಹಸಿರು ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ದೊಡ್ಡಮ್ಮನಿಗೆ ದಾರಿ ಬಿಟ್ಟು, ಅಕ್ಕತಂಗಿಯರ ನಡುವಿನಿಂದ ಪಕ್ಕಕ್ಕೆ ಸರಿದು ನಿಂತ.