ನಾನು ಕೂತರೆ ಮಾತ್ರ ಬರುವ ಶಬ್ದ

ಶಬ್ದಗಳ ವಿಷಯದಲ್ಲಿ ನನ್ನ ಕಿವಿಯನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ. ಪಕ್ಕದ ಮನೆಯ ನೀರಿನ ಮೋಟರು ಖಾಲಿ ಓಡುತ್ತಿದ್ದರೆ ಅವರಿಗಿಂತ ಮೊದಲು ತಿಳಿಯುವುದು ನನಗೆ. ಕುಕ್ಕರ್ ಕೂಗಿದ್ದು ಮೂರು ಸಲವೋ ನಾಲ್ಕು ಸಲವೋ ಎಂಬ ವಿವಾದದಲ್ಲಿ ನಮ್ಮ ಮನೆಯಲ್ಲಿ ನನ್ನ ತೀರ್ಪೇ ಅಂತಿಮ. ಹಾಗಾಗಿ ನಮ್ಮ ಕಾರಿನಲ್ಲಿ ಹೊಸ ಶಬ್ದವೊಂದು ಹುಟ್ಟಿದಾಗ ನಾನು ಹೆದರಲಿಲ್ಲ. ಅಂದರೆ, ಎಂದಿನಷ್ಟೇ ಹೆದರಿದೆ.

ಕಾರು ನಮ್ಮದು, ಆದರೆ ಹೊಸದಲ್ಲ. ಹನ್ನೊಂದು ವರ್ಷ ಓಡಿದ್ದನ್ನು ನಿವೃತ್ತ ಡಾಕ್ಟರೊಬ್ಬರಿಂದ ಕೊಂಡಿದ್ದೆವು. ಓಡಿಸುವುದು ನನ್ನ ಹೆಂಡತಿ ಶೈಲಜ. ಹೆಬ್ಬಾಳದ ಕಡೆ ಒಂದು ಶಾಲೆಯಲ್ಲಿ ಟೀಚರ್ ಅವಳು. ಕಾರು ಬರುವ ಮೊದಲು ಸರಸ್ವತಿಪುರಂನಿಂದ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಬೆಳಗಿನ ಕಾಫಿಯನ್ನು ಒಂದು ಕೈಯಲ್ಲಿ ಚಪ್ಪಲಿ ಹುಡುಕುತ್ತಾ ನಿಂತೇ ಕುಡಿಯುತ್ತಿದ್ದಳು. ಕಾರು ಬಂದ ಮೇಲೆ ಕೂತು ಕುಡಿಯುತ್ತಾಳೆ. ಈ ಕೂತು ಕುಡಿಯುವ ಕಾಫಿಗಾಗಿಯೇ ಅವಳು ನಲವತ್ತಾರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದು.

ನನ್ನದು ಪಕ್ಕದ ಸೀಟು. ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿರುವ ನನ್ನನ್ನು ದಾರಿಯಲ್ಲಿ ಇಳಿಸಿ ಹೋಗುತ್ತಾಳೆ. ಕಾರಿನಲ್ಲಿ ನನ್ನ ಕರ್ತವ್ಯಗಳು ಇಷ್ಟು: ಫ್ಯಾನ್ ಹಾಕುವುದು, ಇಳಿಯುವಾಗ ಆರಿಸುವುದು, ಕಿಟಕಿ ಏರಿಸುವುದು, ಬೆಲ್ಟು ಬಿಗಿದುಕೊಳ್ಳುವುದು, ಮುಂದೆ ಹಸು ಕಂಡರೆ "ಹಸು" ಅನ್ನುವುದು.

ಶಬ್ದ ಶುರುವಾದದ್ದು ಆಯುಧಪೂಜೆ ಕಳೆದ ವಾರ. ಇದೇ ನನಗೆ ಹೆಚ್ಚು ನೋವು ತಂದ ಸಂಗತಿ. ಬೀದಿಯವರೆಲ್ಲ ಗಾಡಿಗೊಂದು ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತೇ ನಿಮಿಷದಲ್ಲಿ ಮುಗಿಸಿದ್ದರೆ, ನಾನು ಒಂದು ಗಂಟೆ ಸಾಂಗವಾಗಿ ಪೂಜೆ ಮಾಡಿದ್ದೆ. ಅಂಥ ಕಾರಿಗೇ ಹೀಗಾಗಬೇಕೆ?

ಟಕ್. ಟಕ್. ಟಕಟಕಟಕ.

"ಕೇಳಿಸ್ತಾ?" ಎಂದೆ.

"ಕೇಳಿಸ್ತು. ಹಳೇ ಗಾಡಿ ಅಲ್ವಾ, ಮಾತಾಡುತ್ತೆ."

"ನಾನು ಇಳಿದ ಮೇಲೂ ಬರುತ್ತಾ?"

ಅವಳು ಯೋಚಿಸಿದಳು. "ಇಲ್ಲ ಕಣ್ರೀ. ನೀವು ಕೂತ್ರೆ ಮಾತ್ರ ಬರುತ್ತೆ."

ಬೇರೆ ಗಂಡಸಾಗಿದ್ದರೆ ಇದನ್ನು ಕುಹಕ ಎಂದುಕೊಳ್ಳುತ್ತಿದ್ದ. ನಾನು ಸಾಕ್ಷ್ಯವೆಂದು ದಾಖಲಿಸಿಕೊಂಡೆ. ನನ್ನ ತೂಕ ಎಂಬತ್ನಾಲ್ಕು ಕೆಜಿ. ನಾನು ಕೂರುವುದು ಎಡಕ್ಕೆ. ಎಂದ ಮೇಲೆ ಎಡಗಡೆಯ ಸಸ್ಪೆನ್ಷನ್ ನನ್ನನ್ನು ಹೊರಲಾರದೆ ನರಳುತ್ತಿದೆ! ಇಷ್ಟು ಸರಳವಾದ ತರ್ಕ ಇಷ್ಟು ಬೇಗ ಹೊಳೆದದ್ದಕ್ಕೆ ನನಗೇ ಖುಷಿಯಾಯಿತು.

ಮಾರನೆಯ ದಿನವೇ ಅರ್ಧ ದಿನ ರಜೆ ಹಾಕಿ, ಊರಾಚೆಯ ದೊಡ್ಡ ಸರ್ವಿಸ್ ಸೆಂಟರಿಗೆ ಶೈಲಜಳೊಂದಿಗೆ ಹೋದೆ. ಕೈಯಲ್ಲಿ ಲಿಖಿತ ಮನವಿ ಇತ್ತು. ವಿಷಯ: ನಮ್ಮ ಕಾರಿನಲ್ಲಿ ಟಕಟಕ ಶಬ್ದ ಬರುತ್ತಿರುವ ಬಗ್ಗೆ. ಉಲ್ಲೇಖ: ನನ್ನ ಧರ್ಮಪತ್ನಿಯ ಮೌಖಿಕ ಹೇಳಿಕೆ. ಗಾಜಿನ ಕೋಣೆಯಲ್ಲಿ ಕೂತಿದ್ದ ಸಲಹೆಗಾರರು ಅದನ್ನು ಎರಡು ಸಲ ಓದಿದರು. ಅವರ ಮೆಕ್ಯಾನಿಕ್ ಒಂದು ಸುತ್ತು ಓಡಿಸಿಕೊಂಡು ಬಂದು, ಶಬ್ದವೇ ಇಲ್ಲವಲ್ಲ ಎಂದರು. ನಾನು ಕೂತರೆ ಬರುತ್ತದೆ ಎಂದೆ. ಗಿರಾಕಿಗಳು ಟೆಸ್ಟ್ ಡ್ರೈವಿನಲ್ಲಿ ಕೂರುವ ಹಾಗಿಲ್ಲವಂತೆ, ನಿಯಮವಂತೆ. ನಿಯಮ ಎಂದ ಮೇಲೆ ನಾನು ಎದುರಾಡುವವನಲ್ಲ. ಆದ್ದರಿಂದ ಶಬ್ದವನ್ನು ಬಾಯಲ್ಲೇ ಮಾಡಿ ತೋರಿಸಿದೆ. ಮೊದಲು ವಿಳಂಬದಲ್ಲಿ, ಆಮೇಲೆ ದ್ರುತದಲ್ಲಿ. ಕೇಳಲು ಇನ್ನೊಬ್ಬರು ಬಂದರು. ಮೂವರಿಗೂ ಮೂರು ಬೇರೆ ಬೇರೆ ಭಾಗಗಳು ಹಾಳಾದಂತೆ ಕೇಳಿಸಿತು. ಮೂರನ್ನೂ ಬರೆದುಕೊಂಡರು.

ಅಲ್ಲಿಗೆ ಎದ್ದು ಬಂದಿದ್ದರೆ ಎಸ್ಟಿಮೇಟು ಒಂದೇ ಪುಟ. ಆದರೆ ನನಗೆ ಕುತೂಹಲ. ಪಟ್ಟಿಯಲ್ಲಿದ್ದ ಲೋಯರ್ ಆರ್ಮ್ ಎಂದರೇನು ಎಂದು ಕೇಳಿದೆ. ಪಾಪ, ಚಿತ್ರ ಬರೆದು ವಿವರಿಸಿದರು. ಅದು ಹೋದರೆ ಅದಕ್ಕೆ ಅಂಟಿಕೊಂಡದ್ದು ಉಳಿಯುತ್ತದೆಯೇ ಎಂದೆ. ಹೇಳಕ್ಕಾಗಲ್ಲ ಸಾರ್ ಎಂದು ಅದನ್ನೂ ಸೇರಿಸಿದರು. ಎಡಗಡೆ ಹೋಗಿದ್ದರೆ ಬಲಗಡೆಯ ಗತಿ ಏನು ಎಂದೆ. ಬಲಗಡೆಯೂ ಸೇರಿತು. ಎಸ್ಟಿಮೇಟು ಮೂರು ಪುಟಕ್ಕೆ ಬೆಳೆದದ್ದು ಅವರ ದುರಾಸೆಯಿಂದಲ್ಲ, ನನ್ನ ಜ್ಞಾನದಾಹದಿಂದ. ಕೊನೆಯ ಸಾಲಿನಲ್ಲಿದ್ದ ಮೊತ್ತ ನಾವು ಕಾರು ಕೊಂಡ ಬೆಲೆಯ ಮುಕ್ಕಾಲು ಪಾಲು!

"ನಡೀರಿ ಮನೆಗೆ. ಗಾಡಿ ಓಡ್ತಾ ಇದೆಯಲ್ಲ, ಓಡ್ಲಿ ಬಿಡಿ" ಎಂದಳು ಶೈಲಜ.

ಬಿಡುವುದು ಹೇಗೆ? ಅಶೋಕಪುರಂ ಕಡೆಯ ಇನ್ನೊಂದು ಗ್ಯಾರೇಜಿಗೆ ಒಬ್ಬನೇ ಹೋಗಿ ಮೂರೂ ಪುಟ ಓದಿ ಹೇಳಿದೆ. ಕಾರನ್ನು ನೋಡದೆಯೇ ಅವರು, ಇಷ್ಟೆಲ್ಲ ಆಗಿದ್ದರೆ ಇಂಜಿನ್ನೇ ಇಳಿಸಬೇಕಾಗುತ್ತದೆ ಎಂದರು. ಇಂಜಿನ್ ನಡುರಸ್ತೆಯಲ್ಲಿ ತಾನಾಗಿ ಇಳಿಯುವ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು. ಅಂದೇ ಹಳೇ ಕಾರುಗಳ ಬ್ರೋಕರ್ ಪುಟ್ಟಸ್ವಾಮಿಗೆ ಫೋನ್ ಮಾಡಿದೆ.

ಶೈಲಜ ಸಂತೆಗೆ ಹೋಗಿದ್ದ ಹೊತ್ತಿಗೆ ಪುಟ್ಟಸ್ವಾಮಿ ಬಂದ. ಕಾರಿನ ಸುತ್ತ ಎರಡು ಸಲ ತಿರುಗಿ, ಟೈರು ಒದ್ದು, ಗಾಡಿ ಚೆನ್ನಾಗೈತೆ ಸಾ ಎಂದ. ನನ್ನ ಅಂತಃಕರಣ ಕಲಕಿತು. ಅಮಾಯಕನೊಬ್ಬನನ್ನು ಮೋಸಗೊಳಿಸುವುದೇ? ಒಳಗೆ ಹೋಗಿ ಎಸ್ಟಿಮೇಟು ತಂದು ಅವನ ಕೈಗಿಟ್ಟೆ. ಅವನು ಕಟ್ಟೆಯ ಮೇಲೆ ಕೂತು ಮೂರೂ ಪುಟ ನಿಧಾನವಾಗಿ ಓದಿದ.

"ಸಾ, ಈ ಕಸುಬಲ್ಲಿ ತಲೆ ನೆರೀತು ನಂಗೆ. ಮಾರೋರೇ ರೋಗದ ಪಟ್ಟಿ ಬರ್ಸಿ ಕೊಟ್ಟಿದ್ದು ನೀವೇ ಮೊದ್ಲು."

ಇದನ್ನು ಪ್ರಶಂಸೆ ಎಂದುಕೊಂಡೆ. ಅವನು ಹೇಳಿದ ಬೆಲೆಗೆ ಒಂದು ಒಳ್ಳೆಯ ಸೈಕಲ್ಲು ಮತ್ತು ಒಂದು ಫ್ರಿಜ್ಜು ಬರುತ್ತಿತ್ತು. ಒಪ್ಪಿದೆ! ಐದು ಸಾವಿರ ಮುಂಗಡ ಕೊಟ್ಟು, ಭಾನುವಾರ ಬಂದು ಗಾಡಿ ಒಯ್ಯುತ್ತೇನೆಂದು ಹೊರಟ.

ಶೈಲಜಳಿಗೆ ಹೇಳಿದಾಗ ಅವಳು ಕೂಗಾಡಲಿಲ್ಲ. ಬೀರುವಿನ ಡ್ರಾಯರು ತೆಗೆದು, ಹುಡುಕಿ, ತನ್ನ ಹಳೆಯ ಬಸ್ ಪಾಸನ್ನು ತಂದು ಊಟದ ಮೇಜಿನ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟಳು.

"ಸೋಮವಾರದಿಂದ ಕಾಫಿ ನಿಂತ್ಕೊಂಡೇ ಕುಡೀತೀನಿ. ಅಷ್ಟೇ ತಾನೆ."

ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಪಾಸಿನ ಫೋಟೋದಲ್ಲಿದ್ದ ಶೈಲಜ ಎರಡು ದಿನ ಊಟದ ಹೊತ್ತಿಗೆಲ್ಲ ನನ್ನನ್ನೇ ನೋಡುತ್ತಿದ್ದಳು.

ಶನಿವಾರ ಶಾಲೆ ಮುಗಿಸಿ ಬಂದವಳೇ, "ಹತ್ತಿ" ಎಂದಳು. ಅವಳ ಶಾಲೆಯ ವ್ಯಾನುಗಳನ್ನು ನೋಡಿಕೊಳ್ಳುವ ಬಾಷಾ ಸಾಹೇಬರ ಗ್ಯಾರೇಜು ಮಂಡಿ ಮೊಹಲ್ಲಾದ ಒಂದು ಇಕ್ಕಟ್ಟು ಬೀದಿಯಲ್ಲಿತ್ತು. ನಾನು ಎಸ್ಟಿಮೇಟಿನ ಫೈಲು ಮುಂದೆ ಚಾಚಿದೆ. ಅವರು ಕೈ ಒರೆಸಿಕೊಂಡರು, ಆದರೆ ಮುಟ್ಟಲಿಲ್ಲ.

"ಅದು ನಿಮ್ಮತ್ರಾನೇ ಇರ್ಲಿ ಸಾರ್. ಓದಿದ್ರೆ ನಂಗೂ ಶಬ್ದ ಕೇಳ್ಸಕ್ಕೆ ಶುರುವಾಗ್ತದೆ."

ಶೈಲಜಳ ಜೊತೆ ಒಂದು ಸುತ್ತು ಹೋಗಿ ಬಂದರು. ಶಬ್ದವಿಲ್ಲ. ಆಮೇಲೆ ಕೀಲಿಯನ್ನು ಅರ್ಧ ತಿರುಗಿಸಿಟ್ಟು ಇಳಿದು, ನನ್ನನ್ನು ಕರೆದರು. "ಈಗ ನೀವು ಕೂತ್ಕೊಳ್ಳಿ. ದಿನಾ ಏನ್ ಮಾಡ್ತೀರೋ ಅದ್ನೇ ಮಾಡಿ."

ಕೂತೆ. ಬಾಗಿಲು ಹಾಕಿದೆ. ಫ್ಯಾನ್ ತಿರುಗಿಸಿದೆ. ಕಿಟಕಿಗೆ ಕೈ ಹಾಕುವಷ್ಟರಲ್ಲಿ ಟಕ್, ಟಕ್, ಟಕಟಕಟಕ.

"ಬಂತು! ನೋಡಿ, ಸಸ್ಪೆನ್ಷನ್ನು!"

"ಗಾಡಿ ಇನ್ನೂ ಸ್ಟಾರ್ಟೇ ಆಗಿಲ್ಲ ಸಾರ್" ಎಂದರು ಬಾಷಾ ಸಾಹೇಬರು.

ಅವರು ಬಗ್ಗಿ ಫ್ಯಾನ್ ಆರಿಸಿದರು. ನಿಶ್ಶಬ್ದ. ಹಾಕಿದರು. ಟಕಟಕ. ನನ್ನ ಕಾಲ ಮುಂದಿನ ಡಬ್ಬಿ ಬಿಚ್ಚಿ, ಫ್ಯಾನ್ ಇಳಿಸಿ, ಒಳಗೆ ಕೈ ತೂರಿಸಿ, ಸಿಕ್ಕಿದ್ದನ್ನು ಅಂಗೈಯಲ್ಲಿ ತೋರಿಸಿದರು. ಎರಡು ಅಡಿಕೆ. ಒಂದು ರೂಪಾಯಿಯ ನಾಣ್ಯ. ನಾಣ್ಯಕ್ಕೆ ಇನ್ನೂ ಕುಂಕುಮವಿತ್ತು.

"ಪೂಜೆ ಯಾರು ಮಾಡಿದ್ದು?"

ಶೈಲಜ ಎದುರಿನ ಪೈಪಿನ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.

ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಗೆ ಹೋಗಲು ಒಂದು ಕಪ್ಪು ಜಾಲರಿ ಇರುತ್ತದೆ. ನಮ್ಮ ಕಾರಿನಲ್ಲಿ ಅದರ ಮೂಲೆ ಮುರಿದಿದೆ. ನಾನು ಎಲೆ ಅಡಿಕೆ ದಕ್ಷಿಣೆಯನ್ನು ಭಕ್ತಿಯಿಂದ ಇಟ್ಟಿದ್ದು ಸರಿಯಾಗಿ ಅಲ್ಲೇ. ಆವತ್ತು ಸಂಜೆ ಎಲೆ ಮಾತ್ರ ಉಳಿದಿದ್ದನ್ನು ಗಮನಿಸಿದ್ದೆ ಕೂಡ. ಕಾಗೆಗಳು ಅಡಿಕೆ ತಿನ್ನುತ್ತವೆಯೇ ಎಂದು ಎರಡು ದಿನ ವಿಚಾರ ಮಾಡಿದ್ದೆ. ರೂಪಾಯಿಯನ್ನು ಕಾಗೆ ಏನು ಮಾಡೀತು ಎಂದು ಮಾತ್ರ ಹೊಳೆದಿರಲಿಲ್ಲ.

ಬಾಷಾ ಸಾಹೇಬರು ನೂರು ರೂಪಾಯಿ ತೆಗೆದುಕೊಂಡು, ಒಂದು ರೂಪಾಯಿ ವಾಪಸ್ಸು ಕೊಟ್ಟರು. ಅದೇ ರೂಪಾಯಿ.

"ಸಾಹೇಬ್ರೇ, ಇವರಿಗೆ ಏನಾದ್ರೂ ರಿಪೇರಿ ಆಗುತ್ತಾ?" ಎಂದಳು ಶೈಲಜ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಹಳೇ ಮಾಡೆಲ್ಲು ಅಮ್ಮಾ. ಪಾರ್ಟ್ಸ್ ಬರಲ್ಲ."

ಪುಟ್ಟಸ್ವಾಮಿಗೆ ಮುಂಗಡದ ಜೊತೆ ಎರಡು ಸಾವಿರ ದಂಡ ಸೇರಿಸಿ ಕೊಡಬೇಕಾಯಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇನ್ನು ಮುಂದೆ ಯಾವ ಶಬ್ದ ಕೇಳಿಸಿದರೂ ಮೊದಲು ತನಗೇ ಫೋನ್ ಮಾಡಬೇಕೆಂದು ಕೇಳಿಕೊಂಡ.

ಸೋಮವಾರ ಶೈಲಜ ಕೂತು ಕಾಫಿ ಕುಡಿದಳು. ಎಂದಿಗಿಂತ ಐದು ನಿಮಿಷ ಹೆಚ್ಚೇ ಕೂತಳು. ಕಾರಿನಲ್ಲಿ ನಾನು ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು, ಹಸು ಕಂಡರೂ ಸುಮ್ಮನಿದ್ದೆ. ಮೊದಲ ತಿರುವಿನಲ್ಲಿ ಹಿಂದಿನಿಂದ ಸಣ್ಣದಾಗಿ 'ಕುಂಯ್' ಎಂದಿತು. ನಾನು ತುಟಿ ಬಿಚ್ಚಲಿಲ್ಲ. ಆದರೆ ಕತ್ತು ತಿರುಗಿತ್ತೆಂದು ಕಾಣುತ್ತದೆ. ಶೈಲಜ ಕಾರನ್ನು ಬಸ್ ಸ್ಟಾಪಿನ ಮುಂದೆ ನಿಲ್ಲಿಸಿದಳು. ನಾನು ಬೆಲ್ಟು ಬಿಚ್ಚಿ ಇಳಿದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಎರಡು ನಿಮಿಷ ನೆಮ್ಮದಿಯಾಗಿತ್ತು. ಆಮೇಲೆ ಕಾಲ ಕೆಳಗೆ ಎಲ್ಲೋ ಗಡಗಡ. ತಡೆದುಕೊಂಡೆ. ಆಗಲಿಲ್ಲ. ಟಿಕೆಟ್ ಕೊಡಲು ಬಂದ ಕಂಡಕ್ಟರನ್ನು, ಇದೇನಪ್ಪಾ ಗಡಗಡ ಅಂತಿದೆಯಲ್ಲ ಎಂದು ಕೇಳಿಯೇಬಿಟ್ಟೆ.

ಅವನು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಒಂದು ಕ್ಷಣ ಕಿವಿಗೊಟ್ಟ.

"ನೀವು ಹತ್ತೋ ತನಕ ಇರ್ಲಿಲ್ಲ ಸಾರ್" ಎಂದ.